ಪೊಸ್ಕಿಟ್ಟನ ಏಳು

ಹಲ್ ಊರಿನ ಆಸ್ಪತ್ರೆ, ನೆಲಮಾಳಿಗೆ,
ರಾತ್ರಿ ಪಾಳಿಯ ಔಷಧ ಕೋಣೆ.
ಮುಮ್ಮೂಲೆ ತಟ್ಟೆಗೆ ಗುಳಿಗೆ ಸುರಿದು
ಚಪ್ಪಟೆ ಚಾಕುವಿನಲ್ಲಿ ಐದೈದಾಗಿ ಎಳೆಯುತ್ತೇನೆ.
ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ.
ಪೊಸ್ಕಿಟ್ ಮಾತಾಡಿಸುತ್ತಾನೆ.

ಸ್ಟ್ರೆಚರ್ ತಳ್ಳುವವನು. ಎರಡೂವರೆಗೆ ಬರುತ್ತಾನೆ
ವಾರ್ಡಿನ ಪೆಟ್ಟಿಗೆಗಳನ್ನು ಒಯ್ಯಲು.
ಜೇಬಿನಲ್ಲಿ ಕುದುರೆ ಜೂಜಿನ ಸೋತ ಚೀಟಿಗಳು,
ಅವುಗಳ ಬೆನ್ನಿಗೆ ಇಪ್ಪತ್ತು ವರ್ಷದಿಂದ
ಅವನೇ ಕಟ್ಟುತ್ತಿರುವ ಒಂದು ಭಾಷೆ.
ಅದನ್ನಾಡುವವರು ಎಲ್ಲೂ ಇಲ್ಲ.
"ಇದ್ದಾರೆ" ಎನ್ನುತ್ತಾನೆ,
"ಹಂಬರ್ ನದಿಯ ಬಾಯಲ್ಲಿ, ಇಳಿತದ ಹೊತ್ತು
ಮೇಲೆ ಬರುತ್ತದಲ್ಲ ಮರಳ ದಿಬ್ಬ, ಅಲ್ಲಿ."

ಒಂದು ಅವರಿಗೆ ತೂ, ಅಂದರೆ ಗೂಟ.
ಎರಡು ಮೆರ್, ಬೂಟು.
ಮೂರಕ್ಕೂ 'ಸಾಕು' ಎನ್ನುವುದಕ್ಕೂ ಒಂದೇ ಪದ.
ನಾಲ್ಕು ಮೇಜು, ಐದು ಕೈಗವಸು,
ಆರು: ಕೈಗವಸು ಮತ್ತು ಒಬ್ಬ ನೆಂಟ.
ಸೊನ್ನೆಗೆ, ತೊಳೆದು ಬೋರಲು ಹಾಕಿದ ಲೋಟ.
ಎಂಟಿದೆ, ಎರಡು ಮೇಜು.
ಏಳಿಲ್ಲ.

ಮುರಿದ ಮೆಟ್ಟಿಲು ದಾಟುವಂತೆ
ಆ ಜನ ಆರರಿಂದ ಎಂಟಕ್ಕೆ ಕಾಲು ಚಾಚುತ್ತಾರೆ.
"ಮೇಜು ಮತ್ತು ಸಾಕು ಅಂತ ಕಟ್ಟು" ಅಂದೆ.
"ಲೆಕ್ಕಕ್ಕೆ ಸರಿ, ಬಾಯಿಗಲ್ಲ.
ಯಾರಿಗೂ ಬೇಕಾಗದ ಅಂಕಿಯನ್ನು
ನಾನು ಹೇಗೆ ಹೆರಲಿ?"

ಜನವರಿಯ ಒಂದು ರಾತ್ರಿ ಅವನೇ ಕೇಳಿದ:
ನಿಮ್ಮ ಅಂಕಿಗಳಿಗೆ ಏನರ್ಥ?
"ಅರ್ಥವೇನು, ಅಂಕಿ ಅಷ್ಟೆ" ಅಂದವಳು
ತಟ್ಟೆಯ ಮೇಲೆ ಚಾಕು ಹಿಡಿದು ನಿಂತೆ.
ಆರು. ದೀಪ ಆರುತ್ತದೆ, ಗಂಜಿ ಆರುತ್ತದೆ.
ಏಳು ಅನ್ನುತ್ತೇವೆ ಮಲಗಿದವರಿಗೆ.
ಹತ್ತು ಅನ್ನುತ್ತೇವೆ ಏಣಿಯ ಬುಡದಲ್ಲಿ ನಿಂತ ಮಗುವಿಗೆ,
ಒಲೆಯೂ ಹತ್ತುತ್ತದೆ.
ನಲವತ್ತೆರಡು ವರ್ಷ ಆ ದಾರಿಯಲ್ಲೇ ಓಡಾಡಿ
ನಡುವೆ ಯಾರೋ ಆರುವುದು, ಯಾರೋ ಏಳುವುದು
ಕಂಡಿರಲಿಲ್ಲ ನನಗೆ.

ಒಂಬತ್ತು, ಹತ್ತಕ್ಕೆ ಒಂದು ಬಾಕಿ ಅಂದೆ.
"ಸಾಲಗಾರ ಅಂಕಿ" ಎಂದು ನಕ್ಕ.
ಐವರ ತನಕ ಮನುಷ್ಯರಿಗೆ ಬೇರೆ ಲೆಕ್ಕ,
ಆಮೇಲೆ ಮೂಟೆಗೂ ಮಂದಿಗೂ ಒಂದೇ ಅಂದಾಗ ನಗಲಿಲ್ಲ.
ಗದಗಿನ ಕಾಳಿನ ಅಂಗಡಿಯಲ್ಲಿ ಶಿವಪುತ್ರಪ್ಪ ಮಾವ
ಸೇರಿನಲ್ಲಿ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲ:
ಲಾಭ, ಎರಡು, ಮೂರು...
ಪೊಸ್ಕಿಟ್ ಚೀಟಿ ತೆಗೆದ, ಬರೆಯಲಿಲ್ಲ, ಒಳಗಿಟ್ಟ.

"ನಮ್ಮ ಏಳನ್ನೇ ತಗೋ."
"ಆಗಲ್ಲ. ನಿನ್ನ ಜನ ನನ್ನ ಜನರನ್ನ
ಇನ್ನೂ ನೋಡೇ ಇಲ್ಲವಲ್ಲ."

ಮೂರು ವಾರ ಕಳೆದು ಚೀಟಿಯ ಬೆನ್ನಿನಲ್ಲಿ
ಒಂದು ಹಡಗು ಬಂತು.
ಮೆಣಸಿನ ಮೂಟೆ ಹೊತ್ತು ದಿಬ್ಬಕ್ಕೆ ಸಿಕ್ಕಿಕೊಂಡ ಹಡಗು,
ಮರಳ ಮೇಲೆ ಮೂಟೆ ಇಳಿಸಿ ಎಣಿಸುವ ಒಬ್ಬ ಹೆಂಗಸು.
ಆರಾದವು. ಇನ್ನೊಂದಕ್ಕೆ ಕೈ ಹಚ್ಚುವಷ್ಟರಲ್ಲಿ
ನೀರು ತಿರುಗಿತು. ದಿಬ್ಬದ ಕಾವಲಿನವನು ನಿದ್ದೆಯಲ್ಲಿದ್ದ.
ಏಳು! ಎಂದು ಕೂಗಿದಳು.
ಎದ್ದ. ಅವಳನ್ನು ನೋಡಿದ, ಮೂಟೆಯನ್ನು ನೋಡಿದ,
ಅದರ ಹೆಸರೆಂದು ತಿಳಿದ.
ಎಲ್ಲರೂ ಉಳಿದರು. ಮೂಟೆಗಳು ಹೋದವು.

ಆ ಹೆಂಗಸಿಗೆ ನನ್ನದೇ ಕನ್ನಡಕ ಬರೆದಿದ್ದ.

"ಆದರೆ ಮುನ್ನೂರು ವರ್ಷವಾಯಿತು" ಅಂದ ಪೊಸ್ಕಿಟ್,
"ಉಪ್ಪುಗಾಳಿ. ನಿಮ್ಮ ಆ ಕಷ್ಟದ ಅಕ್ಷರ ಸವೆದುಹೋಗಿದೆ.
ಈಗ ಬರೀ ಏ."

ಏ ಎಂದರೆ ನಮ್ಮಲ್ಲಿ ಏನೆಂದು ನಾನು ಹೇಳಲಿಲ್ಲ.

ಈಗ ಎರಡೂವರೆಗೆ ಬೆನ್ನ ಹಿಂದೆ
ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಾನೆ,
ತೂ, ಮೆರ್ ಎಂದು ಗೊಣಗುತ್ತಾ.
ಏಳನೆಯದಕ್ಕೆ ಪ್ರತಿ ಸಲ ತಿರುಗಿ ನೋಡುತ್ತೇನೆ.
ಯಾರೂ ಕರೆದಿರುವುದಿಲ್ಲ.
ತಟ್ಟೆಯ ಮೇಲೆ ಲೆಕ್ಕ ತಪ್ಪಿರುತ್ತದೆ.

ಮತ್ತೆ ಗುಡ್ಡೆ ಮಾಡಿ, ಚಾಕು ಇಟ್ಟು,
ಮೊದಲಿನಿಂದ:
ಲಾಭ.