ಮೂರನೆಯ ಗುಂಡು

ಕಡಲಲ್ಲಿ ಆ ಗಾಳಿಗೆ ಒಂದು ಹೆಸರಿಟ್ಟಿದ್ದರಂತೆ.
ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಮುಟ್ಟುವಷ್ಟರಲ್ಲಿ
ಹೆಸರು ಎಲ್ಲೋ ಕಳಚಿ ಬಿದ್ದಿತ್ತು.
ತುಲಾ ಸಂಕ್ರಮಣ ಕಳೆದಿತ್ತು; ಮಳೆ ತನ್ನ ಬಾಕಿ ತೀರಿಸಿ
ಮನೆ ಖಾಲಿ ಮಾಡಿರಬೇಕಾದ ಹೊತ್ತು.

ನಾನು ಮೀಟರ್ ಓದುವವಳು.
ನಮ್ಮ ಇಳಿಜಾರಿನ ಓಣಿಯ ಒಂಬತ್ತು ಮನೆ
ನನಗೆ ಯೂನಿಟ್ಟಿನಲ್ಲಿ ಗೊತ್ತು:
ಪೊನ್ನವ್ವ ತಿಂಗಳಿಗೆ ಹತ್ತೊಂಬತ್ತು, ಕತ್ತಲೆಗೆ ಹೆದರದ ಹೆಂಗಸು.
ಬೀರಾನ್ ಕಾಕ ನೂರ ಎಂಬತ್ತು, ಅದು ಮೀನಿನ ಫ್ರೀಜರಿನದು.
ಸಲ್ಡಾನ ಮಾಸ್ತರರ ಮೀಟರು ಓಡುವುದು
ಮಗಳಿಗೆ ಪರೀಕ್ಷೆ ಬಂದಾಗ.
ಬಸ್ಸು ಓಡಿಸಿ ನಿವೃತ್ತನಾದ ಬೆಳ್ಯಪ್ಪನದು ಐವತ್ತೆರಡು,
ಆರು ವರ್ಷದಿಂದ ಅವನು ಬೀರಾನ್ ಕಾಕನ ಜೊತೆ ಮಾತು ಬಿಟ್ಟಿದ್ದ,
ಮೀನು ತೊಳೆದ ನೀರು ತನ್ನ ಗೇಟಿನ ಮುಂದಿನ ಮೋರಿಯಲ್ಲಿ ಹರಿಯುತ್ತದೆಂದು.

ಸಂಜೆ ಏಳಕ್ಕೆ ಸಿಲ್ವರ್ ಓಕ್ ಒಂದು
ಟ್ರಾನ್ಸ್‌ಫಾರ್ಮರನ್ನು ತಬ್ಬಿಕೊಂಡು ಬಿತ್ತು.
ನನ್ನ ಒಂಬತ್ತೂ ಮನೆ ಒಂದೇ ಸಲ ಸೊನ್ನೆಗೆ ನಿಂತವು.
ತಗಡು ಹಾರುವ ಸದ್ದು. ಯಾರ ತಗಡೋ.
ಬೆಳಿಗ್ಗೆ ಹುಡುಕೋಣ ಎಂದು ಕೂಗಿದರು ಯಾರೋ.

ಎರಡೂವರೆಗೆ ಮೋರಿ ಸುಮ್ಮನಾಯಿತು.
ಅಷ್ಟು ಮಳೆಯಲ್ಲಿ, ನೀರಿಲ್ಲದೆ, ಸುಮ್ಮನೆ.
ನಮಗ್ಯಾರಿಗೂ ತಿಳಿಯಲಿಲ್ಲ.
ಆರು ವರ್ಷ ಸಿಟ್ಟಿನಿಂದ ಅದಕ್ಕೇ ಕಿವಿಗೊಟ್ಟು ಮಲಗಿದವನಿಗೆ
ಎಚ್ಚರವಾಯಿತು.

ಕೋವಿಯ ಸದ್ದು ಎಣಿಸುವುದನ್ನು
ಕೊಡಗಿನಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ.
ಒಂದು: ಎಲ್ಲೋ ಗಂಡು ಮಗು.
ಎರಡು: ಯಾರೋ ಹೋದರು.
ಬೆಳ್ಯಪ್ಪನದು ಜೋಡುನಳಿಗೆ. ಮೂರನೆಯದಕ್ಕೆ
ಮುರಿದು, ಒದ್ದೆ ಬೆರಳಲ್ಲಿ ತೋಟಾ ತುಂಬಬೇಕು.
ಆ ನಡುವಿನ ಹೊತ್ತಿನಲ್ಲಿ ಓಣಿಯೆಲ್ಲ
ಯಾರು ಸತ್ತರು ಎಂದು ಯೋಚಿಸುತ್ತಿತ್ತು.

ಮೂರು.

ಮೂರಕ್ಕೆ ಅರ್ಥವಿಲ್ಲ. ಹಾಗಾಗಿಯೇ ಹೊರಗೆ ಬಂದೆವು,
ಬೈಯಲೆಂದು ಕೆಲವರು.
ಬನಿಯನ್ನಿನಲ್ಲಿ ನಿಂತಿದ್ದ, ಕೊಡೆಯಿಲ್ಲ.
"ಮೋರಿ ಸುಮ್ಮನಾಗಿದೆ" ಎಂದ.
ಮೊದಲು ಅರ್ಥವಾದದ್ದು ಬೀರಾನ್ ಕಾಕನಿಗೆ.
ಸೆಲ್ವಿಯ ಕೂಸನ್ನು ಮೀನಿನ ಪೆಟ್ಟಿಗೆಯಲ್ಲಿ ಮಲಗಿಸಿ
ತಲೆಯ ಮೇಲೆ ಹೊತ್ತ. ಪೊನ್ನವ್ವ ಮುಂದೆ ನಡೆದಳು,
ಟಾರ್ಚು ಬೇಡವೆಂದಳು.
ಶಾಲೆಯ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಬರೆ ಜರಿಯಿತು.
ಲಾರಿಯಿಂದ ಜಲ್ಲಿ ಸುರಿದಂತೆ. ಆಮೇಲೆ ಹಸಿಮಣ್ಣಿನ ವಾಸನೆ,
ಗದ್ದೆ ಉಳುವಾಗ ಬರುತ್ತದಲ್ಲ, ಅದೇ.

ಚಂಗಪ್ಪ ಬಂದಿರಲಿಲ್ಲ.
ಎರಡನ್ನು ಕೇಳಿ, ಸಾವಿನ ಮನೆಗೆ ಹೋಗಬೇಕಲ್ಲ ಎಂದು
ಎದ್ದಿರಬೇಕು; ಮೂರನೆಯದನ್ನು ಗಾಳಿ ನುಂಗಿತೋ ಏನೋ.
ನಾಲ್ಕನೆಯ ದಿನ ಜೆಸಿಬಿ ಎತ್ತಿದಾಗ
ಅರ್ಧ ಉಟ್ಟ ಬಿಳಿ ಪಂಚೆ.

ಅವನಿಗಾಗಿ ಎರಡು ಹಾರಿಸಿ
ಬೆಳ್ಯಪ್ಪನ ಕೈ ತಾನಾಗಿ ಜೇಬಿಗೆ ಹೋಯಿತು, ಮೂರನೆಯ ತೋಟಾಕ್ಕೆ.
ಬೀರಾನ್ ಕಾಕ ಆ ಕೈಯನ್ನು ಹಿಡಿದುಕೊಂಡ.
ಇಬ್ಬರೂ ಏನೂ ಮಾತಾಡಲಿಲ್ಲ,
ಆರು ವರ್ಷದ ಅಭ್ಯಾಸ.

ತಿಂಗಳ ಕೊನೆಗೆ ಯಂತ್ರ ಹಿಡಿದು ಹೋದೆ.
ಬಾಗಿಲು ಹಾಕಿದ್ದರೆ ಒಂದು ಕೋಡು,
ಮೀಟರ್ ಸುಟ್ಟಿದ್ದರೆ ಒಂದು.
ನಾಲ್ಕು ಮನೆಯ ಜಾಗದಲ್ಲಿ ನಿಂತು ಗುಂಡಿ ಒತ್ತಿ ಒತ್ತಿ ನೋಡಿದೆ.
ಕೊನೆಗೆ "ಬಾಗಿಲು ಹಾಕಿದೆ" ಎಂದೇ ಬರೆದೆ.
ಚಂಗಪ್ಪನಿಗೂ.

ಪುತ್ತರಿಯ ರಾತ್ರಿ ನಾವಿನ್ನೂ ಕಲ್ಯಾಣ ಮಂಟಪದ ಚಾಪೆಗಳ ಮೇಲೆ.
ಕೆಳಗಿನ ಗದ್ದೆಯಲ್ಲಿ ಯಾರೋ ಕದಿರು ಕೊಯ್ದರು,
ಪೊಲಿ ಪೊಲಿ ಎಂಬ ಕೂಗು ತೇಲಿ ಬಂತು,
ಕೋವಿ ಹಾರಿತು.
ಒಂದು.
ಚಪಾತಿ ಲಟ್ಟಿಸುತ್ತಿದ್ದ ಪೊನ್ನವ್ವನ ಕೈ ನಿಂತಿತು.
ಸೆಲ್ವಿ ಕೂಸನ್ನು ಎತ್ತಿಕೊಂಡಳು.
ಮಾಸ್ತರರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.