ಎಡಗಡೆಯ ಚಕ್ರ

ಮೂರು ಸ್ಟಡ್ಡು ಮುರಿದ ಮೇಲೂ
ನನಗೆ ತುಕ್ಕಿನ ಮೇಲೇ ಅನುಮಾನ.

ಕಡೂರು, ಬಿ.ಎಚ್. ರೋಡು, ಕೊಬ್ಬರಿ ಮಂಡಿಯ ಎದುರಿನ ಶೆಡ್ಡು.
ಕೆಮ್ಮಣ್ಣುಗುಂಡಿಯಿಂದ ಇಳಿದು ಬಂದ ಹಳೇ ಜೀಪು.
ವೀಲ್ ಸ್ಪ್ಯಾನರಿಗೆ ನೀರಿನ ಪೈಪು ತೊಡಿಸಿ
ತುದಿಗೆ ಹತ್ತಿ ನಿಂತು ಕುಣಿದೆ.
ಮಂಡಿಯ ಹಮಾಲಿಯೊಬ್ಬನನ್ನೂ ಕರೆದು ಹತ್ತಿಸಿದೆ.
ಟಣ್ ಎಂದಿತು.
ನಟ್ಟು ಬರಲಿಲ್ಲ, ಸ್ಟಡ್ಡೇ ತುಂಡಾಗಿ ಬಂತು.

ಖಲಂದರ್ ಸಾಬರು ಟೀ ಲೋಟ ಕೆಳಗಿಟ್ಟರು.
ಬೈಯಲಿಲ್ಲ. ಬೈದಿದ್ದರೆ ಆವತ್ತೇ ಮರೆಯುತ್ತಿದ್ದೆ.
ಸೀಮೆಎಣ್ಣೆ ಬಟ್ಟೆಯಿಂದ, ಉಳಿದೊಂದು ಸ್ಟಡ್ಡಿನ ತುದಿಯನ್ನು
ಕೂಸಿನ ಮೂಗು ಒರೆಸುವ ಹಾಗೆ ಒರೆಸಿದರು.
ಮಸಿಯ ಕೆಳಗೆ ಸಣ್ಣದೊಂದು 'ಎಲ್'.
'ಎಡಗಡೆ ಚಕ್ರ ಉಲ್ಟಾ ಥ್ರೆಡ್ಡು ಕಣೋ.
ನೀನು ಬಿಚ್ತಾ ಇರ್ಲಿಲ್ಲ,
ಬೆಳಗ್ಗೆಯಿಂದ ಬಿಗಿ ಮಾಡ್ತಾ ಇದ್ದೆ.'
ಉಳಿದೆರಡು ಅವರ ಒಂದೇ ಕೈಗೆ ಬಂದವು.

ಆಮೇಲೆ ಡಬ್ಬಿ ತೆಗೆದರು.
ಬೂದಿಗೆ ಬೆಳ್ಳಿ ಕಲಸಿದಂಥ ಪೇಸ್ಟು,
ಯಾರೋ ಹಲ್ಲುಜ್ಜಿ ಎಸೆದ ಬ್ರಶ್ಶು.
'ಥ್ರೆಡ್ಡಿಗಷ್ಟೇ ಹಚ್ಚು. ನಟ್ಟು ಕೂರೋ ಜಾಗ ಒಣಗಿರ್ಲಿ.
ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದೀಯ, ಜೋಕೆ!'

ಹಚ್ಚಿದ ಮೇಲೆ ಕೈಯನ್ನು ನಂಬುವ ಹಾಗಿಲ್ಲ.
ಸ್ಪ್ಯಾನರಿಗೆ ಕೊಟ್ಟದ್ದು ಅದೇ ಬಲ,
ಒಳಗೆ ಸ್ಟಡ್ಡು ಮಾತ್ರ ಸದ್ದಿಲ್ಲದೆ
ಇನ್ನಷ್ಟು ಎಳೆದುಕೊಂಡಿರುತ್ತದೆ.

ನನ್ನ ಮದುವೆಯ ಫೋಟೋ ನೋಡಿ,
ಧಾರೆಯ ನೀರಿನ ಕೆಳಗೆ ಉಗುರಿನ ಬುಡವೆಲ್ಲ ಬೂದಿ.
ಅತ್ತಿಗೆಯರ ಅರಿಶಿನ ಸೋತಿತ್ತು.

ಐಟಿಐ ಮುಗಿಸಿ ಬಂದ ಲೋಹಿತನದು ದಿನಾ ಜಗಳ:
'ಕಂಪನಿ ಪುಸ್ತಕದಲ್ಲಿ ಏನೂ ಹಚ್ಚಬೇಡಿ ಅಂತಲೇ ಇದೆ, ಅಣ್ಣ.'
ಇದೆ. ಅವನು ಓದಿದ್ದು ಸರಿ.
ಬರೆದವರು ಅಯ್ಯನಕೆರೆ ಏರಿಯ ಕೆಸರಿನಲ್ಲಿ
ಮಂಡಿಯೂರಿ ಕೂತವರಲ್ಲ ಅನ್ನಬಹುದಿತ್ತು.
ಅನ್ನಲಿಲ್ಲ. ಮುರಿದ ಮೂರೂ ನನ್ನ ಡ್ರಾಯರಿನಲ್ಲಿವೆ.
ಕಡ್ಡಿಯ ತುದಿಯಷ್ಟು ಹಚ್ಚುತ್ತೇನೆ,
ನೂರಹತ್ತು ಬರೆದಲ್ಲಿ ಎಂಬತ್ತಕ್ಕೆ ರೆಂಚು ನಿಲ್ಲಿಸುತ್ತೇನೆ.
'ಐವತ್ತು ಕಿಲೋಮೀಟರ್ ಓಡಿಸಿ ಬನ್ನಿ, ಇನ್ನೊಂದ್ಸಲ ನೋಡೋಣ.'
ಹತ್ತರಲ್ಲಿ ಒಬ್ಬರು ಬರುತ್ತಾರೆ.

ನಿನ್ನೆ ಬೀರೂರಿನ ಪಂಕಜಾಕ್ಷಿ ಸಿಸ್ಟರ್ ಬಂದರು,
ಡಿಕ್ಕಿಯಲ್ಲಿ ಪಂಕ್ಚರಾದ ಟೈರು.
ಡ್ಯೂಟಿ ಮುಗಿಸಿ, ರಾತ್ರಿ ಎರಡೂವರೆ, ತರೀಕೆರೆ ರಸ್ತೆ.
'ಒಂದು ನಾಯಿಯೂ ಇರಲಿಲ್ಲ.
ಕಾರಿನ ಜೊತೆ ಬಂದ ಗೇಣುದ್ದದ ಸ್ಪ್ಯಾನರು.
ನಾನೇ ಬಿಚ್ಚಿದೆ' ಎಂದರು,
ಇಂಜೆಕ್ಷನ್ ಕೊಟ್ಟೆ ಅನ್ನುವ ದನಿಯಲ್ಲೇ.
ಆಮೇಲೆ ಕೈ ಚಾಚಿದರು. ಬೆರಳ ತುದಿಗಳೆಲ್ಲ ಬೆಳ್ಳಿ.
'ಸ್ಪಿರಿಟ್ಟಿಗೂ ಹೋಗ್ತಿಲ್ಲ, ಏನ್ರಿ ಇದು?'

ಲೋಹಿತ ಅತ್ತ ತಿರುಗಿ
ಯಾರದೋ ಟೈರಿಗೆ ಗಾಳಿ ಹಿಡಿಯತೊಡಗಿದ.
'ಮೂರು ದಿನ ಇರುತ್ತೆ, ಸಿಸ್ಟರ್' ಎಂದೆ.