ಇನ್ನೂ

ಶಹತಾಜ್ ಕತ್ತರಿ ಹಿಡಿದು ಕೇಳಿದಳು, "ಎಷ್ಟು ತೆಗೀಲಿ ಅಕ್ಕಾ?"
ಎರಡು ಬೆರಳು ತೋರಿಸಿದೆ.
ಅವಳು ನಾಲ್ಕು ತೆಗೆದಳು.
ಕ್ಯಾತಮಾರನಹಳ್ಳಿಯ ಆ ಒಂಟಿ ಕನ್ನಡಿಯ ಪಾರ್ಲರಿನಲ್ಲಿ
ನೆಲಕ್ಕೆ ಬಿದ್ದದ್ದನ್ನು ಬಗ್ಗಿ ನೋಡಿದೆ:
ಸವೆದ ಪೊರಕೆಯ ತುದಿ,
ಬಿಸಿಲಿಗೆ ಬಿಟ್ಟ ತೆಂಗಿನ ನಾರು.
ನನ್ನದೇ. ಬೇರೆ ಯಾರೂ ಬಂದಿರಲಿಲ್ಲ ಅವತ್ತು.

ತಂಗಿ ಭಾಗ್ಯಮಣಿಯ ಮದುವೆಗೆಂದು ನೆಟ್ಟಗೆ ಮಾಡಿಸಿದ್ದೆ.
ಅಮ್ಮನಿಂದ ಬಂದ ಗುಂಗುರಿನ ಮೇಲೆ
ಯಾಕೋ ಒಂದು ಸಿಟ್ಟು.
ಮೂರೂವರೆ ಸಾವಿರ, ಐದು ಗಂಟೆ,
ಇಸ್ತ್ರಿಯಡಿ ಸೀದ ಉಲ್ಲನ್ನಿನ ವಾಸನೆ.
ಫೋಟೋದಲ್ಲಿ ಚೆನ್ನಾಗಿಯೇ ಇದ್ದೇನೆ, ಸುಳ್ಳು ಹೇಳಬಾರದು.
ಆಷಾಢ ಕಳೆಯುವಷ್ಟರಲ್ಲಿ
ಜಡೆ ಕತ್ತಿನ ಹತ್ತಿರ ಹಗ್ಗ, ಬೆನ್ನಿನ ಕೆಳಗೆ ದಾರ.
"ಇಲಿಬಾಲ" ಎಂದ ಮಗ, ಮುದ್ದಿನಿಂದಲೇ.

ರೇಷ್ಮೆ ಕಾರ್ಖಾನೆಯಲ್ಲಿ ನನ್ನ ಕೆಲಸ
ಇಪ್ಪತ್ತೆರಡು ವರ್ಷದಿಂದ ಅದೊಂದೇ:
ಕಡಿದ ಎಳೆ ಹುಡುಕು, ಎರಡು ತುದಿ ಹಿಡಿ,
ಹೊಸೆ, ಗಂಟು ಹಾಕು.
ಆ ಗಂಟು ಉಟ್ಟವಳಿಗೂ ಗೊತ್ತಾಗಬಾರದು.
ಈ ಬೆರಳುಗಳ ಮೇಲಿನ ಜಂಬಕ್ಕೋ ಏನೋ
ಸೀಳಿದ್ದನ್ನೂ ಕೂಡಿಸಿಯೇನು ಅಂದುಕೊಂಡೆ.
ಮೊಟ್ಟೆ ಬಳಿದೆ. ಮೆಂತ್ಯ ಅರೆದೆ.
ಸಂಬಳದ ದಿನ ಹಸಿರು ಬಾಟಲಿ ತಂದೆ.
ರಾತ್ರಿ ಬಲ್ಬಿನ ಕೆಳಗೆ ಒಂದೆಳೆ ಎತ್ತಿ ಹಿಡಿದರೆ
ತುದಿಗೆ ಕವಲು, ಕವಲಿಗೂ ಕವಲು,
ಹಾವಿನ ನಾಲಗೆ.

"ಇದು ರೇಷ್ಮೆ ಅಲ್ಲಕ್ಕಾ," ಅಂದಳು ಶಹತಾಜ್,
"ಗಂಟು ಹಾಕೋಕಾಗಲ್ಲ. ಬಿಟ್ರೆ ಸೀಳು ಮೇಲಕ್ಕೆ ಹತ್ತುತ್ತೆ.
ಗಟ್ಟಿ ಇರೋ ತನಕ ಕತ್ತರಿಸೋದು,
ಆಮೇಲೆ ಸುಮ್ನಿರೋದು."

ಸುಮ್ಮನಿರುವುದು ನನಗೆ ಯಾರೂ ಕಲಿಸಿರಲಿಲ್ಲ.
ಕಲಿತೆ. ಕಾವೇರಿ ನೀರು ಬಿಟ್ಟ ದಿನ ಮಾತ್ರ ತಲೆಗೆ ಸ್ನಾನ,
ಬೋರ್ ನೀರು ಪಾತ್ರೆಗೆ.
ಒದ್ದೆ ತಲೆಗೆ ಬಾಚಣಿಗೆ ತಾಗಿಸದೆ
ಹಳೇ ಪಂಚೆ ಸುತ್ತಿಕೊಂಡು ಅವರೆಕಾಯಿ ಸುಲಿಯುತ್ತ ಕೂತೆ.
ತುಂಡು ಬಟ್ಟೆಯ ಮಾರಾಟದಲ್ಲಿ ಸಿಕ್ಕ ಕಲೆಬಿದ್ದ ರೇಷ್ಮೆ
ದಿಂಬಿಗೆ ಹೊಲಿದೆ.
ಸೀರೆಯಾಗದೆ ಉಳಿದದ್ದರ ಮೇಲೆ
ನನ್ನ ತಲೆ ಮಲಗಿತು.

ಎರಡು ತಿಂಗಳಿಗೊಮ್ಮೆ ಎರಡು ಬೆರಳು.
ಬೆಳೆದದ್ದು ಎರಡೋ ಎರಡೂವರೆಯೋ.
ಲೆಕ್ಕ ಹಾಕಿದರೆ ನಗು ಬರುತ್ತಿತ್ತು.

"ಕೂದ್ಲೂ... ಕೂದ್ಲಿಗೆ ಪಾತ್ರೇ..."
ಹೋದ ವರ್ಷ ಈ ಕೂಗು ಬಂದರೆ
ಮೀಟರ್ ಬೋರ್ಡಿನ ಹಿಂದೆ ಸಿಕ್ಕಿಸಿದ ಉಂಡೆಗಳನ್ನೆಲ್ಲ ತೆಗೆದು ಓಡುತ್ತಿದ್ದೆ.
ಒಂದು ಸೌಟು, ಒಂದು ಲೋಟ, ಮುಚ್ಚಳದ ಡಬ್ಬಿ:
ಉದುರಿದ್ದರಿಂದಲೇ ಅರ್ಧ ಅಡುಗೆಮನೆ.
ಮೊನ್ನೆ ಕೊಟ್ಟದ್ದು ನೆಲ್ಲಿಕಾಯಿ ಗಾತ್ರ.
ಅಂಗೈಯಲ್ಲಿ ತೂಗಿ ಮುಖ ಸಿಂಡರಿಸಿದಳು ಆಕೆ,
"ಇಷ್ಟೇನಾ? ಒಂದು ಚಮಚಾನೂ ಬರಲ್ಲ ಇದಕ್ಕೆ."
ಇಷ್ಟು ಒಳ್ಳೆಯ ಬೈಗುಳ
ನಾನು ಯಾವತ್ತೂ ತಿಂದಿರಲಿಲ್ಲ.
ಕೊನೆಗೆ ಗೊಣಗುತ್ತ ಒಂದು ಹೇರ್‌ಪಿನ್ ಎಸೆದು ಹೋದಳು.

ಈಗ ಕನ್ನಡಿಯಲ್ಲಿ ಒಂದು ಗಡಿ ಇದೆ, ಭುಜಕ್ಕಿಂತ ಚೂರು ಕೆಳಗೆ.
ಅದರ ಮೇಲೆ ಅಮ್ಮ, ಸುರುಳಿ ಸುರುಳಿ.
ಅದರ ಕೆಳಗೆ ಭಾಗ್ಯಮಣಿಯ ಮದುವೆ, ನೆಟ್ಟಗೆ, ಪೆಡಸಾಗಿ.
ಮದುವೆ ಇನ್ನು ಮೂರು ಬೆರಳಷ್ಟು ಉಳಿದಿದೆ.

ಹಣೆಯ ಸುತ್ತ ಹೊಸ ಮೋಟು ಕೂದಲು,
ಎಣ್ಣೆ ಹಚ್ಚಿದರೂ ಕೂರುವುದಿಲ್ಲ,
ಪಿನ್ನಿಗೂ ಬಗ್ಗುವುದಿಲ್ಲ.
ಇವತ್ತು ಎರಡನೇ ಪಾಳಿಯಲ್ಲಿ
ಶಿವಮಾದಯ್ಯ ಸಾರ್ ನಿಂತು ರೇಗಿದರು,
"ಸ್ಕಾರ್ಫ್ ಒಳಗೆ ಹಾಕ್ಕೊಳಮ್ಮ, ಮಷೀನಿಗೆ ಸಿಕ್ಕಿಬಿಟ್ಟಾತು."
ಕಡಿದ ಎಳೆ ಬೆರಳಲ್ಲಿತ್ತು, ಗಂಟು ಮುಗಿಸಿ ಹೇಳಿದೆ:
"ಸಿಕ್ಕೋವಷ್ಟು ಉದ್ದ ಬಂದಿಲ್ಲ ಸಾರ್,
ಇನ್ನೂ."